ನನ್ನ ಕೋಡ್ ಮುಟ್ಟಬೇಡ

"ಈ ಸಾಲನ್ನ ಯಾಕೆ ಹೀಗೆ ಬರೆದೆಯಮ್ಮ?" ಎಂದು ಟ್ರೇನರ್ ಮೇಡಂ ಕೇಳಿದಾಗ ನಾನು ಪರದೆಯನ್ನೇ ದಿಟ್ಟಿಸಿದೆ. ಆ ಸಾಲನ್ನು ನಾನು ಜನ್ಮದಲ್ಲೇ ನೋಡಿರಲಿಲ್ಲ.

ಅದರ ಕೆಳಗಿನ ಸಾಲೂ ನನ್ನದಲ್ಲ. ಅದರ ಕೆಳಗಿನದೂ ಅಲ್ಲ. ಫೈಲು ನನ್ನದು, ಒಳಗೆ ಮಾತ್ರ ಬೇರೆ ಯಾರದೋ ಸಂಸಾರ. ಪ್ರೋಗ್ರಾಂ ಸೊಗಸಾಗಿ ಓಡುತ್ತಿತ್ತು, ಅದೇ ದೊಡ್ಡ ಅವಮಾನ.

"ಅದು... ಮೇಡಂ..."

"ನೀನೇ ಬರೆದದ್ದಾ?"

ಇಡೀ ಕ್ಲಾಸು ನನ್ನ ಮುಖ ನೋಡುತ್ತಿತ್ತು. ಒಬ್ಬ ಮಾತ್ರ ತನ್ನ ಚಪ್ಪಲಿ ನೋಡುತ್ತಿದ್ದ. ನನ್ನ ಪಕ್ಕದ ಕುರ್ಚಿಯ ಮೇಷ್ಟ್ರು. ಅವನ ಕಿವಿ ಕೆಂಪಗಾಗಿತ್ತು. ಇದು ಯಾರ ಕೈಚಳಕ ಅಂತ ನನಗೆ ಆಗಲೇ ಗೊತ್ತಾಯಿತು.

"ಬರೆದವರಿಗೆ ವಿವರಿಸೋಕೆ ಬರಬೇಕು," ಎಂದರು ಮೇಡಂ. "ಹೋಗಿ ಕೂತ್ಕೊ."

ನಾನು ಕೂರಲಿಲ್ಲ. ಬ್ಯಾಗು ಎತ್ತಿಕೊಂಡು ಹೊರಗೆ ನಡೆದೆ.

ನಾನು ಕಣ್ಣಾಸ್ಪತ್ರೆಯ ಕೌಂಟರಿನವಳು. "ಮುಂದಿನವರು ಬನ್ನಿ" ಎಂದು ವರ್ಷಗಟ್ಟಲೆ ಕೂಗಿ ಗಂಟಲು ಒಣಗಿಸಿಕೊಂಡವಳು. ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡವರು ಅದು ಹಿಡಿಯುವ ತನಕ ಕಾಯಬೇಕು. ಅಷ್ಟರಲ್ಲಿ ಅವರ ಸರದಿ ದಾಟಿಹೋಗುತ್ತದೆ, ಬೈಗುಳ ನನಗೆ. ಈ ಸರದಿಯನ್ನು ಕಂಪ್ಯೂಟರೇ ನೋಡಿಕೊಂಡರೆ ಹೇಗೆ ಅನ್ನಿಸಿ ಸಂಜೆಯ ಕೋಡಿಂಗ್ ಕ್ಲಾಸಿಗೆ ಸೇರಿದೆ. ಸೇರಿದ ಮೇಲೆ ಹುಚ್ಚು ಹಿಡಿಯಿತು. ಇನ್ನು ಬದುಕಿದರೆ ಇದರಲ್ಲೇ ಅಂತ ತೀರ್ಮಾನ ಮಾಡಿದೆ. "ಮದುವೆ ಮಾಡ್ಕೊ ಅಂದ್ರೆ ಕಂಪ್ಯೂಟರ್ ಮಾಡ್ಕೊಂಡ್ಯಲ್ಲೇ!" ಎಂದಳು ಅಕ್ಕ. ನಾನಿರುವುದು ಅವಳ ಮನೆಯಲ್ಲೇ.

ಕ್ಲಾಸಿನ ಮೇಲಿನ ಮಹಡಿಗಳಲ್ಲೇ ಒಂದು ಸಾಫ್ಟ್‌ವೇರ್ ಕಂಪನಿ. ತಾವು ಬರೆದ ಪ್ರೋಗ್ರಾಂ ಓಡಿಸಿ ಡೆಮೋ ಚೆನ್ನಾಗಿ ಕೊಟ್ಟವರನ್ನು ಮೇಡಂ ಅಲ್ಲಿಗೆ ಟ್ರೇನಿಯಾಗಿ ಆರಿಸುತ್ತಾರೆ. ನಾನು ಡೆಮೋಗೆ ತಂದದ್ದು ಈ ಸರದಿಯ ಪ್ರೋಗ್ರಾಂ. ಮೇಷ್ಟ್ರ ಡೆಮೋ ನನಗಿಂತ ಮೊದಲೇ ಮುಗಿದು, ಆಯ್ಕೆಯೂ ಆಗಿತ್ತು.

ಅವನನ್ನು ಮೇಷ್ಟ್ರು ಅನ್ನುವುದು ಸುಮ್ಮನೆ ಅಲ್ಲ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ. ಸೀಮೆಸುಣ್ಣ ಬಿಟ್ಟರೂ ತಿದ್ದುವ ಚಟ ಬಿಟ್ಟಿರಲಿಲ್ಲ. ಕ್ಲಾಸಿನಲ್ಲಿ ಇಬ್ಬರಿಗೆ ಒಂದು ಕಂಪ್ಯೂಟರ್, ಒಂದೇ ಪಾಸ್‌ವರ್ಡ್. ಒಬ್ಬರು ಟೈಪ್ ಮಾಡುವಾಗ ಇನ್ನೊಬ್ಬರು ನೋಡಬೇಕು, ಹೇಳಬೇಕು, ಕೀಬೋರ್ಡ್ ಮುಟ್ಟುವಂತಿಲ್ಲ. ನಾನೊಂದು ಬ್ರಾಕೆಟ್ ಮರೆತರೆ ಸಾಕು, ಅವನ ಬೆರಳುಗಳು ಮೇಜಿನ ಅಂಚಿನಲ್ಲಿ ಚಡಪಡಿಸುತ್ತಿದ್ದವು.

"ಕೌಂಟರ್ ಮೇಡಂ, ಮೇಲಿನ ಸಾಲು..."

"ಬಾಯಲ್ಲಿ ಹೇಳಿ ಮೇಷ್ಟ್ರೇ. ಕೈ ಕಟ್ಟಿ."

ಅವನು ಕೈ ಕಟ್ಟಿ, ಓರೆಗಣ್ಣಲ್ಲಿ ನನ್ನ ನೋಡಿ ನಗುತ್ತಿದ್ದ. ನಗು ಮೊದಲು ಕಣ್ಣಿಗೆ ಬಂದು, ಆಮೇಲೆ ನಿಧಾನವಾಗಿ ತುಟಿಗೆ ಇಳಿಯುತ್ತಿತ್ತು. ಆ ನಗುವಿಗೋಸ್ಕರ ನಾನು ಬೇಕಂತಲೇ ಬ್ರಾಕೆಟ್ ಬಿಟ್ಟದ್ದೂ ಉಂಟು. ಈಗ ಅದನ್ನು ನೆನೆದು ಇನ್ನೂ ಸಿಟ್ಟು ಬಂತು.

ಮೇಷ್ಟ್ರು ಮೆಟ್ಟಿಲ ಹತ್ತಿರ ಓಡಿಬಂದು ಅಡ್ಡ ನಿಂತ.

"ಮಧ್ಯಾಹ್ನವೇ ಬಂದಿದ್ದೆ. ನಿಮ್ಮದನ್ನ ಸುಮ್ಮನೆ ಒಮ್ಮೆ ಓಡಿಸಿ ನೋಡಿದೆ. ಎರಡನೇ ಸಲ ಡ್ರಾಪ್ಸ್ ಹಾಕಿಸಿಕೊಂಡವರು ಸಾಲಿನ ಕೊನೆಗೆ ಹೋಗ್ತಿದ್ರು. ತಿದ್ದಿಬಿಟ್ಟೆ. ಹೇಳೋಣ ಅಂದ್ರೆ ನೀವು ಬಂದು ಕೂತ ತಕ್ಷಣ ಮೇಡಂ ಕರೆದ್ರು..."

"ಅದಕ್ಕೆ? ನಾನಿಲ್ಲದಾಗ ಮನೆಗೆ ನುಗ್ಗಿ ಅಡುಗೆ ಮಾಡಿಟ್ರಾ?"

"ನೀವು ಫೇಲಾಗಬಾರದು ಅಂತ..."

"ಫೇಲಾಗಿದ್ರೆ ದಡ್ಡಿ ಅಂತಿದ್ರು. ಈಗ ಕಳ್ಳಿ ಅಂತಾರೆ! ದಡ್ಡಿ ಆದ್ರೆ ಕಲೀಬಹುದು ಕಣೋ. ಕಳ್ಳಿ ಆದ್ಮೇಲೆ ಏನ್ ಮಾಡ್ಲಿ?"

ಕೋಪದಲ್ಲಿ ಬಹುವಚನ ಎಲ್ಲೋ ಬಿದ್ದುಹೋಗಿತ್ತು. ನಾನು ಎತ್ತಿಕೊಳ್ಳಲು ಹೋಗಲಿಲ್ಲ.

"ತಪ್ಪಾಯ್ತು," ಎಂದ.

"ನಿಂಗೆ ನನ್ನ ಮೇಲೆ ನಂಬಿಕೆನೇ ಇರ್ಲಿಲ್ಲ ಅಲ್ವಾ? ಅವಳ ಕೈಲಿ ಆಗಲ್ಲ, ಪಾಪ, ನಾನೇ ಮಾಡಿಬಿಡೋಣ. ಅಷ್ಟೇ ತಾನೇ?"

ಅವನ ಕಣ್ಣಲ್ಲಿ ನೀರು ಕಂಡಿತು. ಇನ್ನೊಂದು ಕ್ಷಣ ನಿಂತರೆ ಕರಗಿಬಿಡುತ್ತೇನೆ ಅನ್ನಿಸಿ ದಡದಡ ಇಳಿದುಬಿಟ್ಟೆ.

ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಅಕ್ಕ ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡಳು.

"ಬಿಡೇ, ಒಳ್ಳೇದಕ್ಕೇ ಮಾಡಿದ್ದಾನೆ ಪಾಪ."

"ನನ್ನ ಒಳ್ಳೇದು ನನ್ನನ್ನ ಕೇಳದೆ ಯಾಕೆ ಮಾಡ್ಬೇಕು?"

"ಅಲ್ವೇ, ಒಬ್ಬನ ಮೇಲೆ ಇಷ್ಟೊಂದು ಕೋಪ ಬರ್ಬೇಕು ಅಂದ್ರೆ..." ಅಕ್ಕ ಮಾತು ನಿಲ್ಲಿಸಿ ಮುಸಿಮುಸಿ ನಕ್ಕಳು.

"ಅರ್ಧಕ್ಕೆ ನಿಲ್ಲಿಸ್ಬೇಡ."

"ಪೂರ್ತಿ ಹೇಳಿದ್ರೆ ಈ ತಟ್ಟೆ ನನ್ನ ತಲೆ ಮೇಲೆ ಬೀಳುತ್ತೆ."

ಮರುದಿನ ಸಂಜೆ ಕ್ಲಾಸಿಗೆ ಕಾಲಿಡುತ್ತಲೇ ಮೇಡಂ ಕರೆದರು. "ನಿನ್ನ ಜೋಡಿ ಬಂದು ಎಲ್ಲ ಹೇಳಿದ್ರು. ತಪ್ಪು ಅವರದೇ ಅಂತೆ. ನಿನ್ನನ್ನ ತಗೊಳ್ಳಿ, ಬೇಕಾದ್ರೆ ತಮ್ಮ ಸೀಟು ಬಿಡ್ತೀನಿ ಅಂದ್ರು."

ಆರುತ್ತಿದ್ದ ಸಿಟ್ಟು ಮತ್ತೆ ಭುಗಿಲೆಂದಿತು. ನಿನ್ನೆ ನನ್ನ ಬದಲು ಬರೆದ, ಇವತ್ತು ನನ್ನ ಬದಲು ಮಾತಾಡಿದ. ನಾಳೆ ನನ್ನ ಬದಲು ಉಸಿರಾಡುತ್ತಾನೇನೋ!

"ಅವರು ಹೇಳಿದ್ರು ಅಂತ ನನಗೆ ಸೀಟು ಬೇಡ ಮೇಡಂ. ನನ್ನ ಹಳೇ ಕೋಡ್ ಪೆನ್‌ಡ್ರೈವಲ್ಲಿದೆ. ಅದು ಕುಂಟುತ್ತೆ. ಕುಂಟೋದನ್ನೇ ತೋರಿಸ್ತೀನಿ."

"ಈಗಲೇ?"

"ಈಗಲೇ." ಮೇಷ್ಟ್ರ ಕಡೆ ತಿರುಗಿದೆ. "ನೀನೂ ಇಲ್ಲೇ ಕೂತ್ಕೊ. ಇವತ್ತು ಬಾಯಿ ಕೂಡ ಬೇಡ."

ಓಡಿಸಿದೆ. ಎರಡನೇ ಸಲ ಡ್ರಾಪ್ಸ್ ಹಾಕಿಸಿಕೊಂಡ ಅಜ್ಜಿಯೊಬ್ಬರು ಪರದೆಯ ಮೇಲೆ ಎಲ್ಲರ ಕಣ್ಣೆದುರೇ ಸಾಲಿನ ಕೊನೆಗೆ ಹೋಗಿ ನಿಂತರು. ಮೇಡಂ ಹುಬ್ಬೇರಿಸಿದರು. ಮೇಷ್ಟ್ರು ತುಟಿ ಕಚ್ಚಿಕೊಂಡು, ನುಂಗಲಾರದ ಮಾತ್ರೆ ಬಾಯಲ್ಲಿಟ್ಟವನ ಹಾಗೆ ಕೂತಿದ್ದ.

ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುತ್ತಾ ಹೋದೆ. ಅಜ್ಜಿ ಕೌಂಟರಿಗೆ ವಾಪಸ್ ಬಂದಾಗ ನಾನು ಏನು ಮಾಡುತ್ತೇನೆ? ಹೊಸ ಚೀಟಿ ಹರಿದು ಕೊಡುತ್ತೇನೆ. ಹೊಸ ಚೀಟಿ ಅಂದ ಮೇಲೆ ಹೊಸ ನಂಬರು, ಹೊಸ ನಂಬರು ಅಂದ ಮೇಲೆ ಕೊನೆಯ ಜಾಗ. ಅಯ್ಯೋ ನನ್ನ ಬುದ್ಧಿಯೇ! ಕೌಂಟರಿನಲ್ಲಿ ಮಾಡುತ್ತಿದ್ದ ಎಡವಟ್ಟನ್ನೇ ಕಂಪ್ಯೂಟರಿಗೂ ಕಲಿಸಿಬಿಟ್ಟಿದ್ದೆ.

"ಹಳೇ ನಂಬರನ್ನೇ ಉಳಿಸಬೇಕು ಮೇಡಂ!" ಎಂದು ಹೆಚ್ಚುಕಡಿಮೆ ಕಿರುಚಿದೆ. ಮೇಷ್ಟ್ರು ಮೂರೇ ಸಾಲಿನಲ್ಲಿ ಮುಗಿಸಿದ್ದಕ್ಕೆ ನನಗೆ ಒಂದು ರಾಶಿ ಸಾಲು ಬೇಕಾಯಿತು. ಮತ್ತೆ ಓಡಿಸಿದೆ. ಅಜ್ಜಿ ತಮ್ಮ ಜಾಗದಲ್ಲೇ ಉಳಿದರು. ಮೇಡಂ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಕೇಳದೇ ಇದ್ದದ್ದಕ್ಕೂ ಕೊಟ್ಟೆ.

"ಇದು ಒರಟು," ಎಂದರು ಮೇಡಂ. "ಆದ್ರೆ ನಿನ್ನದು. ಎರಡು ತಂಡದಲ್ಲಿ ಜಾಗ ಇದೆ. ಒಂದು, ಜನರಿಗೆ ಕಾಣೋ ಪರದೆ ಮಾಡೋರು. ನಿನ್ನ ಜೋಡಿ ಅಲ್ಲಿ. ಇನ್ನೊಂದು ಬ್ಯಾಕೆಂಡ್, ಪರದೆ ಹಿಂದಿನ ಲೆಕ್ಕಾಚಾರವೆಲ್ಲ ಅವರದು. ಎಲ್ಲಿಗೆ ಬರ್ತೀಯ?"

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದ. ಆ ಕಣ್ಣುಗಳಲ್ಲಿ ಆಸೆ ಎಷ್ಟಿತ್ತೆಂದರೆ ನನಗೇ ನಾಚಿಕೆಯಾಯಿತು. ಮನಸ್ಸು ಅತ್ತ ವಾಲಿತು, ಸುಳ್ಳು ಯಾಕೆ ಹೇಳಲಿ.

"ಬ್ಯಾಕೆಂಡ್," ಎಂದೆ.

ಬಸ್ ಸ್ಟಾಪಿನ ತನಕ ಮೇಷ್ಟ್ರೂ ನನ್ನ ಜೊತೆ ನಡೆದು ಬಂದ.

"ನನ್ನ ಮೇಲಿನ ಕೋಪಕ್ಕಾ?" ಕೊನೆಗೂ ಕೇಳಿದ.

"ನಿನ್ನ ಮೇಲೆ ಕೋಪ ಅಂತ ನನ್ನ ದಾರಿ ಆರಿಸ್ಲಾ? ತಲೆ ಕೆಟ್ಟಿದೆಯಾ? ಆ ಸರದಿ ಸರಿಯಾಗಿ ಕೂತಾಗ ನನಗೆ ಎಷ್ಟು ಖುಷಿ ಆಯ್ತು ಗೊತ್ತಾ? ಬಣ್ಣ, ಬಟನ್ ಎಲ್ಲ ನೀನೇ ಇಟ್ಕೊ."

ಅವನು ತಲೆ ತಗ್ಗಿಸಿದ. "ನಾನು ತಿದ್ದಿದ್ದು ನಿಮಗೋಸ್ಕರ ಅಲ್ಲ. ನನಗೋಸ್ಕರ. ನಾನು ಆಯ್ಕೆ ಆಗಿ ನೀವು ಆಗದೇ ಇದ್ರೆ, ನಿಮ್ಮ ಬೈಗುಳ ಕೇಳದೆ ದಿನ ಹೇಗೆ ಕಳೀಲಿ ಅಂತ ಭಯ ಆಯ್ತು. ಇಷ್ಟ ಅಂತ ಹೇಳೋಕೆ ಧೈರ್ಯ ಬರ್ಲಿಲ್ಲ. ಕೋಡ್ ತಿದ್ದೋಕೆ ಬಂತು."

"ಹೇಡಿ."

"ಹೌದು."

"ಇಷ್ಟು ದಿನ ಪಕ್ಕದಲ್ಲೇ ಕೂತಿದ್ದೆ. ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?" ಕೋಪ ಇನ್ನೂ ಇತ್ತು, ಆದರೆ ಅದರ ಜೊತೆ ಏನೇನೋ ಸೇರಿಕೊಂಡು ನುಗ್ಗಿ ಬರುತ್ತಿತ್ತು. "ಕೇಳು. ಆಫೀಸಲ್ಲಿ ನಾನು ತಪ್ಪು ಮಾಡ್ತೀನಿ, ಬೈಸ್ಕೊತೀನಿ, ಕಲೀತೀನಿ. ನೀನು ಆ ಕಡೆ ತಲೆ ಹಾಕೋ ಹಾಗಿಲ್ಲ."

"ಸರಿ."

"ಮನೆಗೆ ಬಂದ್ಮೇಲೆ ಅದನ್ನೆಲ್ಲ ನಿನ್ನ ಹತ್ರ ಹೇಳ್ಕೊಂಡು ಅಳ್ತೀನಿ. ನೀನು ಕೇಳ್ಬೇಕು. ತಿದ್ದಬಾರದು. ಜೀವನ ಪೂರ್ತಿ. ಆಗುತ್ತಾ?"

ಮೇಷ್ಟ್ರು ಬೆಪ್ಪಾಗಿ ನಿಂತ. 'ಮನೆಗೆ' ಎಂದದ್ದು ಅವನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ತುಂಬಾ ಕಷ್ಟ," ಎಂದ. "ಆದ್ರೂ ಮಾಡ್ತೀನಿ."

"ಹಾಗಿದ್ರೆ ಈಗ್ಲೇ ಬಾ, ನಮ್ಮಕ್ಕನ ಹತ್ರ ಮಾತಾಡು," ಎಂದು ಅವನ ತೋಳು ಹಿಡಿದು ಎಳೆದೆ. "ಈ ವಿಷ್ಯದಲ್ಲಿ ಅವಳ ಮುಂದೆ ನಂಗೆ ಬಾಯಿ ಬರಲ್ಲ. ಇದೊಂದನ್ನ ಮಾತ್ರ ನನ್ನ ಪರವಾಗಿ ನೀನೇ ಹೇಳು."