ದಂಡನಾಯಕನ ಜಯಘೋಷ

ವಿಜಯದಶಮಿಯ ಎಳೆಬಿಸಿಲು ಶಂಖಪುರದ ಕೋಟೆಯ ತೆನೆಗಳ ಮೇಲೆ ಹರಡುವ ಹೊತ್ತಿಗಾಗಲೇ ರಾಜಬೀದಿಯಲ್ಲಿ ಕಾಲಿಡಲು ತೆರಪಿರಲಿಲ್ಲ. ಉಪ್ಪರಿಗೆಗಳಿಂದ ಪತಾಕೆಗಳು ಇಳಿಬಿದ್ದಿದ್ದವು. ಹೂವಾಡಿಗರ ಓಣಿಯಿಂದ ಸೇವಂತಿಗೆಯ ಕಂಪೂ, ಗಜಶಾಲೆಯಿಂದ ಆನೆಗಳಿಗೆ ತೊಡಿಸುತ್ತಿದ್ದ ಗಂಟೆಗಳ ನಾದವೂ ಒಟ್ಟಿಗೆ ತೇಲಿಬರುತ್ತಿದ್ದವು. ಆದರೆ ಆ ಜನಸಾಗರದ ನಾಲಗೆಯ ಮೇಲೆ ಮಹಾರಾಜ ಚಂದ್ರವರ್ಮನ ಹೆಸರಿರಲಿಲ್ಲ. ಎಲ್ಲೆಲ್ಲಿಯೂ ಒಂದೇ ಕೂಗು: "ದಂಡನಾಯಕ ಕೇತಮಲ್ಲನಿಗೆ ಜಯವಾಗಲಿ!"

ಹಿಂದಿನ ವರ್ಷದ ಯುದ್ಧದಲ್ಲಿ ಮಹಾರಾಜನು ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡಾಗ, ಹಿಡಿಯಷ್ಟು ಭಟರೊಡನೆ ಹೊಳೆಯ ಕಡವಿನಲ್ಲಿ ನಿಂತು, ಪ್ರಭುವನ್ನು ಹೊತ್ತೊಯ್ಯುವವರೆಗೂ ಶತ್ರುಗಳನ್ನು ತಡೆದವನು ಕೇತಮಲ್ಲ. ಅಂದಿನಿಂದ ಅವನ ಮೇಲೆ ಲಾವಣಿಗಳು ಹುಟ್ಟಿದವು; ಹುಟ್ಟಿದ ಗಂಡುಮಕ್ಕಳಿಗೆಲ್ಲ ಅವನದೇ ಹೆಸರಾಯಿತು.

ಮೊದಮೊದಲು ಅವನು ನಾಚಿ ತಲೆತಗ್ಗಿಸುತ್ತಿದ್ದನು. ಬರಬರುತ್ತ ಆ ಕೂಗು ಕೇಳದ ದಿನ ತುತ್ತು ಗಂಟಲಲ್ಲಿ ಇಳಿಯದಾಯಿತು. ಕೇಳಿದ ದಿನವೂ ನೆಮ್ಮದಿಯಿರಲಿಲ್ಲ. ನಿನ್ನೆಗಿಂತ ದನಿ ತಗ್ಗಿತೇ, ಆ ಮೂಲೆಯವರೇಕೆ ಸುಮ್ಮನಿದ್ದರು ಎಂದು ಮನಸ್ಸು ಕುದಿಯುತ್ತಿತ್ತು. ಕಂಬಳಿ ಹೊದ್ದು, ಮುಖ ಮರೆಸಿಕೊಂಡು ಸಂತೆಯಲ್ಲಿ ತಿರುಗಿ, ತನ್ನ ಬಗ್ಗೆ ಯಾರು ಏನೆನ್ನುವರೆಂದು ಕದ್ದು ಕೇಳುವ ಚಟವೂ ಅಂಟಿತು. ಅಂಗಳದಲ್ಲಿ ಆಳುಗಳು ನಕ್ಕರೆ ತನ್ನನ್ನೇ ಕುರಿತು ನಕ್ಕರೆಂದು ಸಿಡಿಮಿಡಿಗೊಳ್ಳುತ್ತಿದ್ದನು.

ಹಬ್ಬದ ಹಿಂದಿನ ದಿನ ಮಹಾಪ್ರಧಾನ ಮಾಳಪಯ್ಯನು ಅವನ ಉದ್ಯಾನಕ್ಕೆ ಬಂದಿದ್ದನು. ಪ್ರಧಾನನ ಮಾತು ಬೆಣ್ಣೆಯಂತೆ ನುಣುಪು.

"ದಂಡನಾಯಕರೇ, ಪಲ್ಲಕ್ಕಿಯಿಂದ ಇಳಿಯಲಾರದ ಅರಸನನ್ನು ಪ್ರಜೆಗಳು ಎಷ್ಟು ಕಾಲ ಸಹಿಸಿಯಾರು? ಅವರು ನಿಮ್ಮನ್ನು ಬಯಸುತ್ತಿದ್ದಾರೆ. ನಾಳೆ ಬನ್ನಿಯ ಬಯಲಿನಲ್ಲಿ ನನ್ನ ರಾವುತರು ಪಲ್ಲಕ್ಕಿಯನ್ನು ಸುತ್ತುವರಿಯುತ್ತಾರೆ. ತಾವು ಆನೆಯ ಮೇಲೆ ಕುಳಿತಿದ್ದರೆ ಸಾಕು. ಶ್ವೇತಚ್ಛತ್ರ ತಾನಾಗಿ ತಮ್ಮ ತಲೆಯ ಮೇಲೆ ಬರುತ್ತದೆ."

"ಪ್ರಭುಗಳ ಪ್ರಾಣ?"

"ಅದರ ಚಿಂತೆ ನನಗಿರಲಿ," ಎಂದು ಮಾಳಪಯ್ಯನು ನಕ್ಕನು.

ಕೇತಮಲ್ಲನು ಒಪ್ಪಲಿಲ್ಲ, ಆದರೆ ಒಲ್ಲೆನೆಂದೂ ಹೇಳಲಿಲ್ಲ. ಮಡದಿ ಬಾಚಲೆಯು ಅವನ ಮುಖ ನೋಡಿಯೇ ಎಲ್ಲವನ್ನೂ ಬಾಯಿಬಿಡಿಸಿದಳು.

"ಪಟ್ಟವೇರಿದ ಮೇಲಾದರೂ ತಮಗೆ ನಿದ್ರೆ ಬರುವುದೇ, ಸ್ವಾಮಿ?" ಎಂದಷ್ಟೇ ಕೇಳಿದಳು.

ಈಗ ಅಂಬಾರಿಯಲ್ಲಿ ಕುಳಿತ ಅವನ ಸುತ್ತ ಜಯಘೋಷವು ಮುಗಿಲು ಮುಟ್ಟುತ್ತಿತ್ತು. ಹಿಂದೆ, ಬೋವಿಗಳ ಹೆಗಲ ಮೇಲೆ, ಮಹಾರಾಜನ ಪಲ್ಲಕ್ಕಿ ಸದ್ದಿಲ್ಲದೆ ಬರುತ್ತಿತ್ತು. ಕೇತಮಲ್ಲನ ಎದೆ ಉಬ್ಬಿತು, ಮೈಯೆಲ್ಲ ಜುಮ್ಮೆಂದಿತು. ಸಾಲದು, ಇನ್ನೂ, ಇನ್ನೂ ಎಂದು ಕಿವಿ ಹಾತೊರೆಯುತ್ತಿತ್ತು. ಅಷ್ಟರಲ್ಲಿ ಜವಳಿಯಂಗಡಿಯ ಮುಂದೆ ಒಬ್ಬ ಮುದುಕ ಕಣ್ಣಿಗೆ ಬಿದ್ದನು. ಅವನು ಸೀರೆಗಳ ಗಂಟು ಬಿಗಿಯುತ್ತಿದ್ದನು. ಕೂಗಲಿಲ್ಲ, ತಲೆಯೆತ್ತಿಯೂ ನೋಡಲಿಲ್ಲ.

ಸಾವಿರಾರು ಕಂಠಗಳು ಒಮ್ಮೆಲೇ ಅಡಗಿದಂತಾಯಿತು. ಕೇತಮಲ್ಲನಿಗೆ ಕಂಡದ್ದು ಆ ಬಾಗಿದ ಬೆನ್ನು ಮಾತ್ರ. ಇವನಿಗೆಷ್ಟು ಸೊಕ್ಕು! ರೋಷ ನೆತ್ತಿಗೇರಿ, ಅವನಿಗರಿವಿಲ್ಲದೆಯೇ ಕೈ ಖಡ್ಗದ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

ಆ ಕೈಯನ್ನು ನೋಡಿ ಅವನು ಬೆಚ್ಚಿದನು. ಹೊಳೆಯ ಕಡವಿನಲ್ಲಿ ಶತ್ರುವಿನ ಮೇಲೂ ಅವನಿಗೆ ಇಂತಹ ದ್ವೇಷ ಹುಟ್ಟಿರಲಿಲ್ಲ. ಇಂದು ದಂಡನಾಯಕನಾಗಿರುವಾಗಲೇ ಕೈ ಹಿಡಿಯನ್ನು ಮುಟ್ಟಿದೆ. ನಾಳೆ ಅರಸನಾದರೆ ಕೂಗದವರ ತಲೆಗಳು ಉಳಿಯುವುವೇ?

"ಆನೆಯನ್ನು ನಿಲ್ಲಿಸು," ಎಂದನು. ಮಾವುತನು ಕಕ್ಕಾಬಿಕ್ಕಿಯಾಗಿ ಆನೆಯನ್ನು ಮಂಡಿಯೂರಿಸಿದನು. ಕೇತಮಲ್ಲನು ಇಳಿದು, ಕಿರೀಟದಂತಿದ್ದ ಜರಿಯ ಪೇಟವನ್ನು ಅಂಬಾರಿಯಲ್ಲೇ ಬಿಟ್ಟು, ಪಲ್ಲಕ್ಕಿಯ ಬಳಿಗೆ ನಡೆದನು. ಮುಂದಿನ ಬೋವಿಯನ್ನು ಪಕ್ಕಕ್ಕೆ ಸರಿಸಿ ದಂಡಿಗೆಗೆ ತಾನೇ ಹೆಗಲು ಕೊಟ್ಟನು.

ಬೀದಿ ಸ್ತಬ್ಧವಾಯಿತು. ಎಲ್ಲೋ ಒಬ್ಬನು "ಏನಪ್ಪಾ, ದಂಡನಾಯಕರು ಬೋವಿಯಾದರೇ!" ಎಂದು ಗಹಗಹಿಸಿದನು. ಆ ನಗು ಹಲವು ಬಾಯಿಗಳಿಗೆ ಹಬ್ಬಿತು. ಕೇತಮಲ್ಲನ ಕಿವಿ ಕಾದು ಕೆಂಪಾಯಿತು. ಆದರೂ ಅವನು ಹೆಗಲು ತೆಗೆಯಲಿಲ್ಲ.

ಪರದೆ ಸರಿಸಿ ಚಂದ್ರವರ್ಮನು ಕೇಳಿದನು: "ಕೇತಮಲ್ಲ, ಏನಿದು?"

"ಪ್ರಭು, ಬನ್ನಿಯ ಬಯಲಿಗೆ ಹೋಗುವುದು ಬೇಡ. ಪಲ್ಲಕ್ಕಿಯನ್ನು ಅರಮನೆಗೆ ತಿರುಗಿಸಲು ಅಪ್ಪಣೆಯಾಗಲಿ. ಅಲ್ಲಿರುವ ರಾವುತರು ತಮ್ಮವರಲ್ಲ, ಮಾಳಪಯ್ಯನ ಕಡೆಯವರು."

"ನಿನಗೆ ಹೇಗೆ ಗೊತ್ತು?"

"ಅವರು ಕಾದಿರುವುದು ನನಗಾಗಿ."

ಮಹಾರಾಜನು ಅವನನ್ನು ದಿಟ್ಟಿಸಿ ನೋಡಿದನು. ಬೋವಿಯಂತೆ ಬೆವರುತ್ತಿದ್ದ ಆ ಮುಖದಲ್ಲಿ ಏನು ಕಂಡನೋ, "ತಿರುಗಿಸಿ," ಎಂದು ಮೆಲ್ಲನೆ ಆಜ್ಞಾಪಿಸಿದನು.

ಮಧ್ಯಾಹ್ನದೊಳಗೆ ಅಂಗರಕ್ಷಕರ ಪಡೆ ಬಯಲಿಗೆ ನುಗ್ಗಿತು. ರಾವುತರು ಆಯುಧ ಕೆಳಗಿಟ್ಟರು, ಮಾಳಪಯ್ಯನು ಸೆರೆಯಾದನು.

ಸಂಜೆ ಏಕಾಂತದಲ್ಲಿ ಮಹಾರಾಜನು ಹೇಳಿದನು: "ನೀನು ನನ್ನನ್ನು ಉಳಿಸಿದ್ದು ಇದು ಎರಡನೆಯ ಸಲ. ನಾಳೆ ಡಂಗುರ ಹೊಡೆಸಿ ಊರಿಗೆಲ್ಲ ಸಾರಿಸುತ್ತೇನೆ."

"ಬೇಡ, ಪ್ರಭು!" ಕೇತಮಲ್ಲನು ಕಾಲು ಹಿಡಿದನು. "ನನ್ನನ್ನು ಗಡಿಯ ಯಾವುದಾದರೂ ಗಿರಿದುರ್ಗಕ್ಕೆ ಕಳುಹಿಸಿಕೊಡಿ. ಅಷ್ಟೇ ನನ್ನ ಬೇಡಿಕೆ."

"ಆ ಕೂಗು ಇನ್ನು ಬೇಡವೆನಿಸಿತೇ?"

"ಬೇಕೆನಿಸುತ್ತಿದೆ, ಪ್ರಭು. ಈಗಲೂ ಬೇಕೆನಿಸುತ್ತಿದೆ. ಅದಕ್ಕಾಗಿಯೇ ಹೋಗಬೇಕು."

ಚಂದ್ರವರ್ಮನು ಅವನನ್ನೆತ್ತಿ ಅಪ್ಪಿಕೊಂಡನು. ತನ್ನ ಬೆರಳಿನ ಮುದ್ರೆಯುಂಗುರವನ್ನು ಕಳಚಿ ಅವನ ಬೆರಳಿಗೆ ತೊಡಿಸಿದನು. ಗಡಿಯ ರಕ್ಷಣೆಯ ಸರ್ವಾಧಿಕಾರ ಅದರೊಡನೆ ಬಂದಿತ್ತು. ಆದರೆ ಆ ಕೋಣೆಯ ಹೊರಗೆ ಅದು ಯಾರಿಗೂ ತಿಳಿಯಲಿಲ್ಲ.

ಕೆಲವು ದಿನಗಳ ಮೇಲೆ ಕೇತಮಲ್ಲನೂ ಬಾಚಲೆಯೂ ಪಡುವಣ ಹೆಬ್ಬಾಗಿಲಿನಿಂದ ಹೊರಟರು. ಆಗ ಪೇಟೆಯ ಕಡೆಯಿಂದ ಭಾರೀ ಜಯಘೋಷ ಎದ್ದಿತು. ಮಾಳಪಯ್ಯನನ್ನು ಸೆರೆಹಿಡಿದ ತರುಣ ಅಂಗರಕ್ಷಕನನ್ನು ಜನ ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಕೇತಮಲ್ಲನ ಕೈ ಲಗಾಮನ್ನು ಎಳೆಯಿತು; ಕುದುರೆ ನಿಂತಿತು. ಕೊರಳು ತಾನಾಗಿ ಆ ದನಿಯತ್ತ ಹೊರಳಿತು. ಬಾಚಲೆ ತನ್ನ ಕುದುರೆಯನ್ನೂ ನಿಲ್ಲಿಸಿ ಕಾದಳು.

ಬಹಳ ಹೊತ್ತು ಕೇಳಿಸಿಕೊಂಡು, ಕೊನೆಗೆ ಅವನೇ ಗಡಿಯ ದಾರಿಯತ್ತ ತಿರುಗಿ ಕುದುರೆಗೆ ಹಿಮ್ಮಡಿ ತಾಗಿಸಿದನು.