ಮೂರನೆಯ ಸುರುಳಿ

ದೀಪ ಹೊತ್ತಿಕೊಂಡಿತು. ಅದಕ್ಕೆ ತಂತಿಯಿರಲಿಲ್ಲ, ಬ್ಯಾಟರಿಯಿರಲಿಲ್ಲ, ಬಿಸಿಲು ಹೀರುವ ಫಲಕವೂ ಇರಲಿಲ್ಲ. ಅಂಗೈಯಗಲದ, ಕಾಂತಗುಣದ ಒಂದು ಫೆರೈಟ್ ಬಳೆ, ಅದರ ಮೇಲೆ ಒತ್ತಾಗಿ ಸುತ್ತಿದ ತಾಮ್ರದ ಸುರುಳಿ, ಅದರ ತುದಿಗೆ ಕಡಲೆಕಾಳಿನಷ್ಟು ಬಲ್ಬು. ಇಷ್ಟೇ. ದ್ಯಾಮಣ್ಣ ಅದನ್ನು ಹೆಂಡತಿಯ ಕಡೆಗೆ ಸರಿಸಿದ. ಬೆಳಕು ಇನ್ನಷ್ಟು ಗಟ್ಟಿಯಾಯಿತು.

“ನಿನ್ನ ಕೈಗುಣ ನೋಡು, ಪಾರವ್ವ.”

ಅವಳು ಉತ್ತರಿಸಲಿಲ್ಲ. ದೀಪ ಉರಿಯುವಾಗ ಅವಳು ಮಾತಾಡುವುದು ಕಡಿಮೆ. ಅದನ್ನು ಅವನು ಭಕ್ತಿಯೆಂದೇ ತಿಳಿದಿದ್ದ.

ಅದು ಗಾಳಿಯನ್ನೇ ನಂಬಿ ಊರುಗಳು ಬದುಕುತ್ತಿದ್ದ ಕಾಲ. ರೋಣದ ಸುತ್ತಲಿನ ಎರೆನೆಲದ ತುಂಬ ಗಾಳಿಯಂತ್ರಗಳು ನಿಂತಿದ್ದವು. ಗಾಳಿ ನಿಂತ ಸಂಜೆ ಊರೂ ಕಪ್ಪಾಗುತ್ತಿತ್ತು. ಹಾಗಾಗಿ ಪರ್ಯಾಯ ಶಕ್ತಿಯ ಹುಚ್ಚು ಹಿಡಿದ ಹವ್ಯಾಸಿಗಳು ಓಣಿಗೊಬ್ಬರಿದ್ದರು. ದ್ಯಾಮಣ್ಣ ಬಹುಕಾಲ ಮೈಕ್‌ಸೆಟ್ ಅಂಗಡಿ ಇಟ್ಟಿದ್ದವನು. ಜನ ತಮ್ಮ ತಮ್ಮ ಕಿವಿಗೆ ಸಿಕ್ಕಿಸಿಕೊಂಡ ಪುಟ್ಟ ಸ್ಪೀಕರುಗಳಲ್ಲೇ ಎಲ್ಲವನ್ನೂ ಕೇಳುವಂತಾದ ಮೇಲೆ ಅಂಗಡಿ ಮುಚ್ಚಿತು, ಹಳೆಯ ಆಂಪ್ಲಿಫೈಯರುಗಳ ಟ್ರಾನ್ಸ್‌ಫಾರ್ಮರುಗಳು ರಾಶಿಯಾಗಿ ಉಳಿದವು. ಅವನ್ನು ಬಿಚ್ಚಿ ಹೊಸದಾಗಿ ಸುತ್ತುವುದೇ ಅವನ ಉದ್ಯೋಗವಾಯಿತು. ಸುತ್ತುವುದು ಅವನು, ಬೆರಳಿನಲ್ಲಿ ಎಣಿಸುವುದು ಪಾರವ್ವ. ಅಂಗಡಿಯ ರಿಪೇರಿ ಕೆಲಸದಲ್ಲಿ ಮದುವೆಯಾದ ಹೊಸತರಿಂದಲೂ ಅದೇ ರೂಢಿ. ಎಣಿಕೆ ತಪ್ಪಿದರೆ ಅವಳು ಮುಷ್ಟಿ ಎತ್ತುತ್ತಿದ್ದಳು. ಮುಷ್ಟಿ ಎಂದರೆ ಬಿಚ್ಚು, ಮೊದಲಿನಿಂದ ಸುತ್ತು.

ಟ್ರಾನ್ಸ್‌ಫಾರ್ಮರು ವಿದ್ಯುತ್ತನ್ನು ಹುಟ್ಟಿಸುವುದಿಲ್ಲ, ಒಂದು ಸುರುಳಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆ ಅಷ್ಟೆ ಎಂಬುದು ಅವನಿಗೂ ಗೊತ್ತಿತ್ತು. ಹಾಗಾದರೆ ಈ ದೀಪಕ್ಕೆ ಎಲ್ಲಿಂದ? ಭೂಮಿಯ ಕಾಂತತ್ವದಿಂದ ಎಂದು ಅವನ ವಾದ. ಪಾರವ್ವ ಪಕ್ಕದಲ್ಲಿದ್ದರೆ ಮಾತ್ರ ಹೊತ್ತುತ್ತದೆ ಎಂಬುದು ಅವನಿಗೆ ದೋಷವಾಗಿ ಕಾಣಲಿಲ್ಲ. ಬಿತ್ತನೆಯ ಮೊದಲ ಹಿಡಿ ಬೀಜಕ್ಕೆ, ಮೊಸರಿನ ಹೆಪ್ಪಿಗೆ ಕೈಗುಣವುಳ್ಳವಳನ್ನೇ ಕರೆಯುವ ಸೀಮೆ ಅದು. ಬೀಜಕ್ಕುಂಟು, ತಾಮ್ರಕ್ಕೆ ಏಕಿಲ್ಲ? ಹವ್ಯಾಸಿ ಗೆಳೆಯರು, ಯಂತ್ರ ಮಾರುವಾಗ ಹೇಣ್ತೀನ್ನೂ ಕೂಡಿಸಿ ಕೊಡ್ತೀಯೇನು ಎಂದು ಕಾಡಿದರೂ ಅವನು ಅಲುಗಲಿಲ್ಲ.

ಪಾರವ್ವನಿಗೆ ಹನ್ನೆರಡರ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ದಾಂಪತ್ಯದ ಬಹುಪಾಲು ಕೈಮಾತಿನಲ್ಲೇ ನಡೆದಿತ್ತು. ಕಿವಿಯೊಳಗೇ ಕೂಡಿಸಿ ಕಿವುಡರಿಗೂ ಕೇಳಿಸುವಂತೆ ಮಾಡುವ ಒಳಗಿವಿಯಂತ್ರಗಳು ಬಂದಾಗ ಅವನೇ ಹಟ ಹಿಡಿದು ಅವಳಿಗೆ ಕೂಡಿಸಿದ. ಅಂದಿನಿಂದ ಮನೆಯಲ್ಲಿ ಕೈಗಳು ಸುಮ್ಮನಾದವು. ಮೈಕ್ ಇಲ್ಲದೆಯೂ ಮೈಕಿನಷ್ಟೇ ದನಿಯುಳ್ಳ ದ್ಯಾಮಣ್ಣ ದಿನವಿಡೀ ಮಾತಾಡತೊಡಗಿದ. ತಾನು ಕೊಟ್ಟ ಅತಿ ದೊಡ್ಡ ಉಡುಗೊರೆ ಅದೆಂದು ಅವನ ನಂಬಿಕೆ.

ದೀಪವನ್ನು ಪರೀಕ್ಷಿಸಲು ಶಕ್ತಿ ಸಂಶೋಧನಾಲಯದಿಂದ ಡಾ. ಸುಮೇಧಾ ಯರಗಟ್ಟಿ ಬಂದರು. ಇಂಥ ದೀಪಗಳನ್ನು ಅವರು ಬಹಳ ನೋಡಿದ್ದರು. ಹೆಚ್ಚಿನವು ಗೋಡೆಯೊಳಗಿನ ತಂತಿಯಿಂದಲೋ ಸಮೀಪದ ಪ್ರಸಾರ ಕಂಬದಿಂದಲೋ ಕದ್ದು ಉರಿಯುತ್ತಿದ್ದವು. ಹೀಗಾಗಿ ದಂಪತಿಗಳನ್ನು ತಂತಿ ಹಾಯದ ಹೊಲವೊಂದರ ನಡುವೆ ಕರೆದೊಯ್ದರು. ದೀಪ ಅಲ್ಲಿಯೂ ಹೊತ್ತಿತು. ದ್ಯಾಮಣ್ಣನ ಎದೆ ಉಬ್ಬಿತು.

ಸುಮೇಧಾ ಪಾರವ್ವನಿಗೆ ದೂರ ಸರಿಯಲು ಸನ್ನೆ ಮಾಡಿದರು. ದೀಪ ಕುಗ್ಗಿ ಆರಿತು. ಮರಳಿ ಬಂದಳು, ಹೊತ್ತಿತು. ಆಗ ಅವರು ಅವಳ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದರು. ಇನ್ನೊಮ್ಮೆ, ಗಟ್ಟಿಯಾಗಿ. ಪಾರವ್ವ ದೀಪವನ್ನೇ ನೋಡುತ್ತಿದ್ದಳು. ಸುಮೇಧಾ ಸುರುಳಿಯ ಒಂದು ತುದಿ ಕಳಚಿದರು, ಬೆಳಕು ಹೋಯಿತು. ಮೆಲ್ಲಗೆ ಕರೆದರು. ಪಾರವ್ವ ತಿರುಗಿದಳು.

ವಿವರಣೆ ಸರಳವಾಗಿತ್ತು. ಅವಳ ಕಿವಿಯ ಹಿಂದೆ ಚರ್ಮದಡಿ ಒಂದು ಸುರುಳಿ, ಒಳಗಿವಿಯ ಬಳಿ ಇನ್ನೊಂದು. ಮೈಬಿಸಿಯಿಂದ ಹುಟ್ಟಿದ ಅಲ್ಪ ವಿದ್ಯುತ್ತು ತಂತಿಯಿಲ್ಲದೆ ಅವುಗಳ ನಡುವೆ ದಾಟುತ್ತದೆ. ಅದೂ ಒಂದು ಟ್ರಾನ್ಸ್‌ಫಾರ್ಮರೇ. ಅದರ ಕಂಪನಕ್ಕೆ ಹೊಂದುವ ಮೂರನೆಯ ಸುರುಳಿಯನ್ನು ದ್ಯಾಮಣ್ಣ ಅರಿವಿಲ್ಲದೆ ಸುತ್ತಿದ್ದ. ಅದು ಆ ವಿದ್ಯುತ್ತನ್ನು ತನ್ನತ್ತ ಸೆಳೆದುಕೊಂಡಾಗ ದೀಪ ಹೊತ್ತುತ್ತಿತ್ತು, ಅವಳ ಕಿವಿ ಮುಚ್ಚುತ್ತಿತ್ತು. ಆಕೆಗೆ ಅಪಾಯವೇನಿಲ್ಲ, ದೀಪ ಕಳಚಿದೊಡನೆ ಶ್ರವಣ ಮರಳುತ್ತದೆ ಎಂದು ಸುಮೇಧಾ ಸಮಾಧಾನ ಹೇಳಿದರು. ಅವನಿಗೆ ಅದು ಕೇಳಿಸಿತೋ ಇಲ್ಲವೋ.

“ಮೊದಲ ದಿವಸದಿಂದಾನ ಹಿಂಗ ಏನು?” ಎಂದು ಹೆಂಡತಿಯನ್ನು ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು.

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ದೀಪ ಆರಿಸಿಬಿಡ್ತಿದ್ರಿ.”

ತನ್ನ ಸಂತೋಷಕ್ಕಾಗಿ ಅವಳು ಕಿವುಡನ್ನು ಸಹಿಸಿದಳು ಎಂದು ದ್ಯಾಮಣ್ಣ ಅರ್ಥಮಾಡಿಕೊಂಡ. ಮನೆಗೆ ಬಂದವನೇ ಸುರುಳಿಯನ್ನು ಅಟ್ಟಕ್ಕೆ ಎಸೆದ. ಕಸಿದುಕೊಂಡ ಸದ್ದನ್ನೆಲ್ಲ ತುಂಬಿಕೊಡುವವನಂತೆ ಮೊದಲಿಗಿಂತ ಹೆಚ್ಚು ಮಾತಾಡಿದ, ಬೆಳಗಿನಿಂದ ಹಾಡು ಹಚ್ಚಿದ, ಪೇಪರನ್ನು ಓದಿ ಹೇಳಿದ. ಪಾರವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಮುಖ ದಿನೇ ದಿನೇ ಬಾಡುತ್ತಿದ್ದುದಕ್ಕೆ ಅವನಿಗೆ ಕಾರಣ ಹೊಳೆಯಲಿಲ್ಲ.

ಗಾಳಿ ನಿಂತ ಒಂದು ಮುಸ್ಸಂಜೆ ವಿದ್ಯುತ್ತು ಹೋಯಿತು. ಪಾರವ್ವ ಸ್ಟೂಲು ಹತ್ತಿ ಸುರುಳಿಯನ್ನು ಇಳಿಸಿ, ಧೂಳು ಒರೆಸಿ, ಅವನ ಮುಂದಿಟ್ಟಳು.

“ಹಚ್ಚರಿ.”

“ಬ್ಯಾಡ. ನನ್ನ ಹುಚ್ಚಿಗೆ ನಿನ್ನ ಕಿವಿ ಯಾಕ?”

“ನಿಮ್ಮ ಸಲುವಾಗಿ ಸುಮ್ಮಕಿದ್ದೆ ಅಂತ ತಿಳಕೊಂಡೀರಿ. ನನ್ನ ಸಲುವಾಗಿ ಸುಮ್ಮಕಿದ್ದೆ.”

ಒಳಗಿವಿಯಂತ್ರಕ್ಕೆ ಆರಿಸುವ ಗುಂಡಿ ಇರಲಿಲ್ಲ. ಕೇಳುವ ಭಾಗ್ಯ ಬಂದ ಮೇಲೆ ಬೇಡವೆನ್ನುವವರು ಯಾರು ಎಂದುಕೊಂಡು, ತಯಾರಿಸಿದವರು ಅದನ್ನು ಇಟ್ಟಿರಲಿಲ್ಲ. ಪಾತ್ರೆ, ಫ್ಯಾನು, ಓಣಿಯ ಜಗಳ, ಗಂಡನ ಮಾತು, ನಿದ್ದೆಯಲ್ಲಿಯೂ ತನ್ನದೇ ನೆತ್ತರಿನ ಸದ್ದು. ಅವಳು ಅದನ್ನೆಲ್ಲ ಒಲ್ಲೆನೆನ್ನಲಿಲ್ಲ. ಆದರೆ ತಾನು ಹುಡುಗಿಯಾಗಿ ಒಳಹೊಕ್ಕು, ಬೆಳೆದು, ಸಂಸಾರ ಹೂಡಿದ ಮೌನವೊಂದಿತ್ತು, ದಿನಕ್ಕೆ ಒಂದಿಷ್ಟು ಹೊತ್ತು ಅಲ್ಲಿಗೆ ಹೋಗಿ ಬರಬೇಕು ಎಂದಳು. ಇಷ್ಟನ್ನು ಹೇಳಲು ಅವಳು ಬಹಳ ತಡವರಿಸಿದಳು.

ದ್ಯಾಮಣ್ಣ ತುದಿಗಳನ್ನು ಕೂಡಿಸಿದ. ಬಲ್ಬು ಹೊತ್ತಿತು. ಅವಳ ಭುಜಗಳು ಮೆಲ್ಲಗೆ ಇಳಿದವು.

ಏನೋ ಹೇಳಲು ಬಾಯಿ ತೆರೆದವನು ಮುಚ್ಚಿದ. ಆ ಬೆಳಕು ಎಷ್ಟೆಂದರೆ ಎರಡು ಜೊತೆ ಕೈಗಳು ಕಾಣುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ತನ್ನ ಕೈಗಳನ್ನು ಅದರ ಮುಂದೆ ಎತ್ತಿದ. ತಪ್ಪಾಯಿತು ಎಂದು ಹೇಳಬೇಕಿತ್ತು. ರೂಢಿ ತಪ್ಪಿ ಬೆರಳುಗಳು ಬಿಗಿದುಹೋಗಿದ್ದವು, ಅರ್ಧ ಮಾತಿನಲ್ಲಿ ಸನ್ನೆ ಎಲ್ಲೋ ಜಾರಿ ಅರ್ಥವಿಲ್ಲದ ಏನೋ ಆಯಿತು.

ಪಾರವ್ವ ಬೆಳಕಿನೊಳಗೆ ಕೈ ಚಾಚಿ ಮುಷ್ಟಿ ಎತ್ತಿದಳು.

ಅವನು ಮೊದಲಿನಿಂದ ಶುರುಮಾಡಿದ.