ನಲವತ್ತೇಳಕ್ಕ ನಲವತ್ತೇಳು

“ಮೇಜಿನ ಕೆಳಗ ಕುಂದರೂದು ಭೂಕಂಪ ಆದಾಗ,” ಎಂದರು ಬಾಳಾಸಾಹೇಬ ಸರ್. “ಮಳಿಗಲ್ಲ.”

ಸ್ನೇಹಲ ಲೈಬ್ರರಿಯ ಮೇಜಿನ ಕೆಳಗಿನಿಂದ ಮೆಲ್ಲಗೆ ಹೊರಗೆ ಬಂದಳು. ಮೊದಲು ಕಂಡದ್ದು ಒದ್ದೆ ಚಪ್ಪಲಿ. ಆಮೇಲೆ ಮೊಣಕಾಲಿನ ತನಕ ಮಡಚಿದ ಪ್ಯಾಂಟು. ಅದರ ಮೇಲೆ, ಹೊಟ್ಟೆಗೆ ಅವಚಿಕೊಂಡ ಒಂದು ಹಸಿರು ಫೈಲು. ಫೈಲಿನ ಮೇಲೆ ‘ತುರ್ತು ಪರಿಸ್ಥಿತಿ’ ಎಂದು ಬರೆದಿತ್ತು.

ಬಾಳಾಸಾಹೇಬ ಸರ್ ಈ ಡಿಗ್ರಿ ಕಾಲೇಜಿನ ಆಫೀಸ್ ಸುಪರಿಂಟೆಂಡೆಂಟ್. ಬೆಂಕಿ, ಭೂಕಂಪ, ಪ್ರವಾಹ ಮೂರನ್ನೂ ಅವರೇ ನೋಡಿಕೊಳ್ಳುತ್ತಿದ್ದರು.

“ಹೆಸರು?”

“ಸ್ನೇಹಲ.”

ಅವರು ಫೈಲು ತೆರೆದು, ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದರು. “ನೀ ಲಿಸ್ಟಿನ್ಯಾಗ ಇಲ್ಲ.”

“ನಾ ಇನ್ನ ಐದನೇ ಕ್ಲಾಸ್ ರೀ.”

ಅಷ್ಟರಲ್ಲಿ ಪುಸ್ತಕದ ಕಪಾಟುಗಳ ನಡುವಿನಿಂದ ಮಮ್ಮಿ ಓಡಿ ಬಂದಳು. ಮಮ್ಮಿಯ ಹೆಸರು ಕಾಂತಾ. ಆಕೆ ಈ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ.

“ನನ್ನ ಮಗಳ್ರೀ ಸರ್. ಇವತ್ತ ಸಾಲಿಗೆ ಸೂಟಿ ಕೊಟ್ಟಾರ, ನಮಗ ಕೊಟ್ಟಿಲ್ಲ. ಅವರಪ್ಪ ಹುಬ್ಬಳ್ಳಿಗೆ ಹೋಗ್ಯಾರ. ಖಾಸಬಾಗದಾಗ ಮನ್ಯಾಗ ಒಬ್ಬಾಕಿನ್ನ ಹೆಂಗ ಬಿಟ್ಟ ಬರ್ಲಿ?”

ಅದು ಖರೆಯೇ. ಬೆಳಗಾವಿಯಲ್ಲೂ ಖಾನಾಪುರದಲ್ಲೂ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಮಳೆ ಎಲ್ಲರ ಮೇಲೂ ಒಂದೇ ಥರ ಬೀಳುತ್ತಿತ್ತು. ಸೂಟಿ ಮಾತ್ರ ಪಿಯುಸಿವರೆಗೆ ಇತ್ತು; ಡಿಗ್ರಿ ಕಾಲೇಜಿಗೆ ರಜೆ ಇರಲಿಲ್ಲ. ಹಾಗಾಗಿ ಸ್ನೇಹಲ ಬೆಳಿಗ್ಗೆ ಮಮ್ಮಿಯ ಜೊತೆ ಬೆಳಗಾವಿಯ ಖಾಸಬಾಗದಿಂದ ಬಸ್ ಹತ್ತಿ ಖಾನಾಪುರಕ್ಕೆ ಬಂದು, ಅಲ್ಲಿಂದ ಕಾಲೇಜಿನ ಬಸ್ಸಿನಲ್ಲಿ ಹಳ್ಳ ದಾಟಿ, ಮೇಜಿನ ಕೆಳಗೆ ಕೂತಿದ್ದಳು.

“ನೋಡ್ರಿ ಕಾಂತಾ,” ಬಾಳಾಸಾಹೇಬ ಸರ್ ದನಿ ತಗ್ಗಿಸಿದರು. “ಮಕ್ಕಳನ್ನ ಡ್ಯೂಟಿಗೆ ಕರಕೊಂಡ ಬರಬಾರದು ಅಂತ ಪ್ರಿನ್ಸಿಪಾಲ್ ಮೇಡಂ ಸರ್ಕ್ಯುಲರ್ ತಗದಾರ. ನೋಡಿದ್ರ ನಿಮಗ ಮೆಮೋ ಕೊಡತಾರ. ನಾ ಅಂತೂ ಈ ಹುಡುಗಿನ್ನ ನೋಡಿಲ್ಲ.”

ನೋಡದ ಹುಡುಗಿಗೆ ಒಂದು ಚಾಕೊಲೇಟ್ ಕೊಟ್ಟು, ಗೋಡೆಗೆ ಒಂದು ಹಾಳೆ ಅಂಟಿಸಿ ಅವರು ಹೋದರು.

ಸ್ನೇಹಲ ಹಾಳೆ ಓದಿದಳು. ಒಂದು, ಸೈರನ್ ಮೊಳಗಿಸುವುದು. ಎರಡು, ಎಲ್ಲರೂ ಮೈದಾನದಲ್ಲಿ ಸೇರುವುದು. ಮೂರು, ಲಿಸ್ಟಿನ ಪ್ರಕಾರ ಹಾಜರಿ ತೆಗೆದುಕೊಳ್ಳುವುದು. ನಾಲ್ಕು, ಗಾಬರಿಯಾಗದಿರುವುದು.

ಅವಳು ಕಿಟಕಿಯಿಂದ ಮೈದಾನ ನೋಡಿದಳು. ಅಲ್ಲಿ ಬರೇ ನೀರಿತ್ತು. ನಡುವೆ ಒಂದು ಬೆಳ್ಳಕ್ಕಿ ನಿಂತಿತ್ತು. ಅದು ಗಾಬರಿಯಾಗಿರಲಿಲ್ಲ.

ಹನ್ನೊಂದು ಗಂಟೆಗೆ ಸ್ನೇಹಲ ಟಾಯ್ಲೆಟ್ಟಿಗೆ ಹೊರಟಳು. ಕಾರಿಡಾರಿನಲ್ಲಿ ಒಬ್ಬ ಅಜ್ಜಿ ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು ನೀರು ಬಳಿಯುತ್ತಿದ್ದಳು.

“ಯಾರ ಮಗಳವಾ ನೀ?”

ಯಾರಾದರೂ ಕೇಳಿದರೆ ಹೇಳಲು ಮಮ್ಮಿ ಹೇಳಿಕೊಟ್ಟದ್ದು ಸ್ನೇಹಲಳಿಗೆ ಅರ್ಧ ಮಾತ್ರ ನೆನಪಾಯಿತು. “ನಾ ಇಲ್ಲಿ ಇಲ್ಲ ರೀ, ಅಜ್ಜಿ.”

“ಹೌದಾ?” ಅಜ್ಜಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. “ಹಂಗಾರ ಹುಷಾರಲೇ ನಡಿ. ಇಲ್ಲದಿದ್ರೂ ಕಾಲ ಜಾರತೈತಿ.”

ಆಕೆಯೇ ಕೈ ಹಿಡಿದು ದಾಟಿಸಿದಳು. ವಾಪಸ್ ಬರುವಾಗ ಉಡಿಯಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು ಕೊಟ್ಟಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿಂದರು. ಅಜ್ಜಿಯ ಹೆಸರು ಕಾಶವ್ವ. ಹನ್ನೊಂದು ವರ್ಷದಿಂದ ಈ ಕಾಲೇಜು ಗುಡಿಸುತ್ತಾಳೆ. ಅಷ್ಟರಲ್ಲಿ ಮೂವರು ಕಾಂಟ್ರಾಕ್ಟರ್ ಬದಲಾದರು, ನಾಲ್ವರು ಪ್ರಿನ್ಸಿಪಾಲ್ ಬದಲಾದರು. ಪೊರಕೆ ಎಷ್ಟು ಬದಲಾದವೋ ಆಕೆಗೆ ಲೆಕ್ಕವಿಲ್ಲ.

“ಇನ್ನ ಹಿಂದ ಸ್ಪೋರ್ಟ್ಸ್ ಸ್ಟೋರಿಗೆ ಹೋಗಬೇಕವಾ,” ಎಂದು ಕಾಶವ್ವ ಬಕೆಟ್ ಎತ್ತಿಕೊಂಡಳು. “ಒಳಗ ನೀರ ಹೊಕ್ಕೈತಿ. ತಗಡಿನ ಮ್ಯಾಲೆ ಮಳಿ ಬಿದ್ರ ಯಾರ ಒದರಿದ್ರೂ ಕೇಳಂಗಿಲ್ಲ. ಭಾಳ ಆರಾಮ.”

ಮಧ್ಯಾಹ್ನ ಒಂದು ಗಂಟೆಗೆ ತಹಶೀಲ್ದಾರ್ ಕಚೇರಿಯಿಂದ ಆಫೀಸಿಗೆ ಫೋನ್ ಬಂತು. ಹಳ್ಳ ಏರುತ್ತಿದೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಸೇತುವೆ ಬಂದ್ ಆಗುತ್ತದೆ, ಕಾಲೇಜು ತಕ್ಷಣ ಖಾಲಿ ಮಾಡಿ ಎಂದರು.

ಬಾಳಾಸಾಹೇಬ ಸರ್ ಸೈರನ್ನಿನ ಬಟನ್ ಒತ್ತಿದರು. ಕರೆಂಟ್ ಇರಲಿಲ್ಲ. ಇನ್ನೊಮ್ಮೆ ಒತ್ತಿದರು. ಕರೆಂಟ್ ಆಗಲೂ ಇರಲಿಲ್ಲ. ಕೊನೆಗೆ ಬಸ್ಸಿನ ಡ್ರೈವರ್ ಭರಮಪ್ಪ ನಟ್ಟು ಬಿಚ್ಚುವ ಪಾನಾ ತಗೊಂಡು, ವರಾಂಡದಲ್ಲಿ ತೂಗುಹಾಕಿದ್ದ ಹಳೇ ಗಂಟೆಯನ್ನು ಢಣಢಣ ಬಾರಿಸಿದ.

ಹುಡುಗರು, ಹುಡುಗಿಯರು, ಸರ್‌ಗಳು, ಮೇಡಂಗಳು ಎಲ್ಲ ವರಾಂಡಕ್ಕೆ ಬಂದರು. ಸೇರಬೇಕಾದ ಮೈದಾನವನ್ನು ಅಲ್ಲಿಂದಲೇ ಒಂದು ನಿಮಿಷ ನೋಡಿದರು. ಆಮೇಲೆ ಬಸ್ ಹತ್ತಿದರು.

ಸ್ನೇಹಲ ಮಮ್ಮಿಯ ಛತ್ರಿಯ ಹಿಂದೆ ಅಡಗಿಕೊಂಡು ಹತ್ತಿ, ಕೊನೆಯ ಸೀಟಿನ ಮೂಲೆಯಲ್ಲಿ ಕೂತಳು. ಮಮ್ಮಿ ಅವಳ ಮೇಲೆ ಒದ್ದೆ ರೇನ್‌ಕೋಟ್ ಹರವಿದಳು. ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಪ್ರಿನ್ಸಿಪಾಲ್ ಮೇಡಂ ಕೂತಿದ್ದರು.

ಬಾಳಾಸಾಹೇಬ ಸರ್ ಒಂದೊಂದೇ ಹೆಸರು ಕೂಗಿ ಟಿಕ್ ಹಾಕಿದರು. ಮಳೆಗೆ ಅಂದು ಬಂದವರೇ ಕಡಿಮೆ; ಬೆಳಿಗ್ಗೆ ಬಂದವರ ಹೆಸರಷ್ಟೇ ಲಿಸ್ಟಿನಲ್ಲಿತ್ತು.

“ನಲವತ್ತೇಳಕ್ಕ ನಲವತ್ತೇಳು!” ಎಂದರು. ಅವರ ಮುಖ ಅರಳಿತು. ಹೋದ ವರ್ಷ ಮಾಡಿದ ಮೂರು ಡ್ರಿಲ್‌ಗಳಲ್ಲಿ ಲೆಕ್ಕ ಒಮ್ಮೆಯೂ ಸರಿಹೋಗಿರಲಿಲ್ಲ. “ಭರಮಪ್ಪಾ, ಬಿಡು ಗಾಡಿ.”

ಬಸ್ ಗುರ್ ಎಂದಿತು. ಸ್ನೇಹಲ ರೇನ್‌ಕೋಟಿನಿಂದ ಒಂದು ಕಣ್ಣು ಹೊರಗೆ ಹಾಕಿ ಸೀಟುಗಳನ್ನು ನೋಡಿದಳು. ಎಡಗಡೆ ನೋಡಿದಳು. ಬಲಗಡೆ ನೋಡಿದಳು.

“ಮಮ್ಮಿ, ಕಾಶವ್ವಜ್ಜಿ ಎಲ್ಲಿ?”

“ಮುಂದ ಎಲ್ಲೋ ಇರಬೇಕು. ಸುಮ್ಮನ ಕುಂಡ್ರು.”

ಮುಂದೆ ಇರಲಿಲ್ಲ. ಬಸ್ ಗೇಟಿನ ಕಡೆ ತಿರುಗಿತು. ಸ್ನೇಹಲ ಎದ್ದು ನಿಂತರೆ ಮೇಡಂ ನೋಡುತ್ತಾರೆ. ಮೇಡಂ ನೋಡಿದರೆ ಮಮ್ಮಿಗೆ ಮೆಮೋ. ಮೆಮೋ ಅಂದರೆ ಏನೆಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಆ ಮಾತು ಕೇಳಿದಾಗ ಮಮ್ಮಿಯ ಮುಖ ಹೇಗಾಗಿತ್ತು ಎಂಬುದು ಗೊತ್ತಿತ್ತು.

ಗೇಟು ಬಂತು.

“ಸರ್! ಕಾಶವ್ವಜ್ಜಿ ಬಂದಿಲ್ಲ ರೀ!”

ಎಲ್ಲರೂ ಹಿಂದೆ ತಿರುಗಿದರು. ರೇನ್‌ಕೋಟ್ ಕೆಳಗೆ ಬಿದ್ದಿತ್ತು. ಸ್ನೇಹಲ ಸೀಟಿನ ಮೇಲೆ ನಿಂತಿದ್ದಳು.

ಬಾಳಾಸಾಹೇಬ ಸರ್ ಫೈಲು ತೆರೆದರು. “ಕಾಶವ್ವ... ಕಾಶವ್ವ... ಆಕಿ ಲಿಸ್ಟಿನ್ಯಾಗ ಇಲ್ಲ. ಆಕಿ ಕಾಂಟ್ರಾಕ್ಟ್.”

“ಲಿಸ್ಟಿನ್ಯಾಗ ಇಲ್ಲ ರೀ. ಸ್ಟೋರಿನ್ಯಾಗ ಅದಾರ.”

ವೈಪರ್ ಕಿರ್ ಕಿರ್ ಅನ್ನುತ್ತಿತ್ತು.

“ಈ ಹುಡುಗಿ ಯಾರು?” ಎಂದರು ಪ್ರಿನ್ಸಿಪಾಲ್ ಮೇಡಂ.

ಮಮ್ಮಿ ಎದ್ದು ನಿಂತಳು. “ನನ್ನ ಮಗಳ್ರೀ, ಮೇಡಂ.”

ಮೇಡಂ ಮಮ್ಮಿಯನ್ನು ನೋಡಿದರು. ಕಿಟಕಿಯಾಚೆ ಸುರಿಯುವ ನೀರನ್ನು ನೋಡಿದರು. “ಭರಮಪ್ಪಾ, ಗಾಡಿ ನಿಂದರಸು,” ಎಂದರು.

ಗಾಡಿ ಪೂರ್ತಿ ನಿಲ್ಲುವ ಮೊದಲೇ ಬಾಳಾಸಾಹೇಬ ಸರ್ ಕೆಳಗೆ ಜಿಗಿದಿದ್ದರು. ಛತ್ರಿ ತಗೊಂಡಿರಲಿಲ್ಲ. ಫೈಲು ಸೀಟಿನ ಮೇಲೇ ಉಳಿದಿತ್ತು. ಅವರು ಮೊಣಕಾಲುದ್ದ ನೀರಿನಲ್ಲಿ “ಕಾಶವ್ವಾ! ಏ ಕಾಶವ್ವಾ!” ಎಂದು ಒದರುತ್ತ ಓಡಿದರು.

ಭರಮಪ್ಪ ಕೈಗಡಿಯಾರ ನೋಡಿಕೊಂಡ. “ಹತ್ತ ನಿಮಿಷ ರೀ ಮೇಡಂ. ಅದರ ಮ್ಯಾಲೆ ಸೇತುವಿದು ನಾ ಏನೂ ಹೇಳಾಕ ಬರಂಗಿಲ್ಲ.”

ಹತ್ತು ನಿಮಿಷ ಇಷ್ಟು ಉದ್ದ ಇರುತ್ತದೆ ಎಂದು ಸ್ನೇಹಲಳಿಗೆ ಗೊತ್ತಿರಲಿಲ್ಲ. ಅಜ್ಜಿ ಸ್ಟೋರಿನಲ್ಲಿ ಇಲ್ಲದಿದ್ದರೆ? ಆಗಲೇ ಮನೆಗೆ ಹೋಗಿದ್ದರೆ? ಇಷ್ಟು ಜನ ತನ್ನ ಒಂದು ಮಾತಿಗೆ ಇಲ್ಲೇ ಸಿಕ್ಕಿಬಿದ್ದರೆ? ಮಮ್ಮಿ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ಬಂದ್ರು, ಬಂದ್ರು!” ಎಂದು ಯಾರೋ ಕೂಗಿದರು.

ಬಾಳಾಸಾಹೇಬ ಸರ್ ಕಾಶವ್ವನ ಕೈ ಹಿಡಿದು ತರುತ್ತಿದ್ದರು. ಹತ್ತಿರ ಬಂದಾಗ ನೋಡಿದರೆ, ಕಾಶವ್ವನೇ ಅವರ ಕೈ ಹಿಡಿದಿದ್ದಳು. ಎಲ್ಲಿ ಜಾರುತ್ತದೆ, ಎಲ್ಲಿ ಗಟಾರ ಇದೆ ಎಂಬುದು ಆಕೆಗೆ ಗೊತ್ತಿತ್ತು. ಇನ್ನೊಂದು ಕೈಯಲ್ಲಿ ಬಕೆಟ್ ಇತ್ತು.

“ಎಲ್ಲಾರೂ ಎಲ್ಲಿಗೆ ಹೊಂಟೀರಿ?” ಬಸ್ ಹತ್ತುತ್ತ ಕಾಶವ್ವ ಕೇಳಿದಳು. “ನನಗ ಯಾರೂ ಹೇಳೇ ಇಲ್ಲಲ್ಲ?”

ನಾಲ್ಕು ಜನ ಒಟ್ಟಿಗೆ ಎದ್ದು ಸೀಟು ಬಿಟ್ಟುಕೊಟ್ಟರು. ಆಕೆ ಒಂದರಲ್ಲಿ ಕೂತು, ಬಕೆಟ್ ತೊಡೆಯ ಮೇಲೆ ಇಟ್ಟುಕೊಂಡಳು.

ಸೇತುವೆಯ ಮೇಲೆ ಆಗಲೇ ಕೆಂಪು ನೀರು ಅಂಚಿಗೆ ಬಡಿಯುತ್ತಿತ್ತು. ಭರಮಪ್ಪ ಬಸ್ಸನ್ನು ಇರುವೆಯಂತೆ ನಡೆಸಿದ. ಕೊನೆಗೆ ಬಸ್ ಆ ದಡ ಮುಟ್ಟಿತು. ಹಿಂದೆಯೇ ಇಬ್ಬರು ಪೊಲೀಸರು ಬ್ಯಾರಿಕೇಡ್ ಎಳೆದು ರಸ್ತೆ ಮುಚ್ಚಿದರು.

ಬಾಳಾಸಾಹೇಬ ಸರ್ ಕನ್ನಡಕ ಒರೆಸಿಕೊಂಡು ಫೈಲು ತೆರೆದರು. ನಲವತ್ತೇಳರ ಕೆಳಗೆ ನಲವತ್ತೆಂಟು ಎಂದು ಬರೆದರು.

“ಪೂರ್ತಿ ಹೆಸರು ಹೇಳ್ರಿ, ಕಾಶವ್ವ.”

“ಯಾಕ ರೀ?” ಕಾಶವ್ವ ಗಾಬರಿಯಾದಳು. “ನಾ ಏನ್ ತಪ್ಪ ಮಾಡಿದ್ನಿ?”

“ನೀವೇನೂ ಮಾಡಿಲ್ಲ,” ಎಂದರು ಅವರು, ಫೈಲಿನಿಂದ ತಲೆ ಎತ್ತದೆ. “ಹೇಳ್ರಿ.”

“ಕಾಶವ್ವ ಶಿವಲಿಂಗ ಬಡಿಗೇರ.”

ಒದ್ದೆ ಹಾಳೆಯ ಮೇಲೆ ಇಂಕು ಹರಡಿತು. ಅವರು ಅದನ್ನು ಎರಡು ಸಲ ಬರೆದರು.

ಪ್ರಿನ್ಸಿಪಾಲ್ ಮೇಡಂ ಹಿಂದೆ ತಿರುಗಿದರು. “ಕಾಂತಾ, ನಾಳೆ ನನ್ನ ಚೇಂಬರಿಗೆ ಬರ್ರಿ.”

“ನಾಳೆ ಕಾಲೇಜ್ ಬಂದ್ ಇರತೈತ್ರಿ, ಮೇಡಂ.”

“ಹಂಗಾರ ಕಾಲೇಜ್ ತಗದ ದಿನ ಬರ್ರಿ.” ಮೇಡಂ ಮುಂದಕ್ಕೆ ತಿರುಗಿದರು. “ಬಾಳಾಸಾಹೇಬ, ನೀವೂ ಬರ್ರಿ. ಆ ಫೈಲ್ ತಗೊಂಡ ಬರ್ರಿ.”

ಖಾನಾಪುರದ ಬಸ್ ಸ್ಟ್ಯಾಂಡ್ ಬಂತು. ಹುಡುಗರು ಗದ್ದಲ ಮಾಡುತ್ತ ಇಳಿದರು. ಆ ಕಡೆ ಬೆಳಗಾವಿ ಬಸ್ ಹೊರಡಲು ನಿಂತಿತ್ತು.

“ಲಗೂನ ಬಾ, ಸೀಟ್ ಸಿಗಂಗಿಲ್ಲ,” ಎಂದು ಮಮ್ಮಿ ಕೈ ಎಳೆದಳು.

“ಒಂದ ನಿಮಿಷ ತಡಿ, ಮಮ್ಮಿ.”

ಸ್ನೇಹಲ ಬಸ್ಸಿನ ಬಾಗಿಲ ಬಾಜು ನಿಂತಳು. ಪ್ರಿನ್ಸಿಪಾಲ್ ಮೇಡಂ ಇಳಿದರು. ಬಾಳಾಸಾಹೇಬ ಸರ್ ಇಳಿದು, ಕಾಶವ್ವನಿಗೆ ಕೈ ಕೊಟ್ಟರು. ಕಾಶವ್ವ ಮೊದಲು ಬಕೆಟ್ ಕೊಟ್ಟು, ಆಮೇಲೆ ತಾನು ಇಳಿದಳು. ಒಳಗೆ ಸೀಟುಗಳೆಲ್ಲ ಖಾಲಿಯಾದವು. ಸ್ನೇಹಲ ಇನ್ನೂ ನಿಂತೇ ಇದ್ದಳು.

ಎಂಜಿನ್ ಬಂದ್ ಆಯಿತು. ಆ ಕಡೆಯ ಬಾಗಿಲಿನಿಂದ ಭರಮಪ್ಪ, ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತ ಕೆಳಗಿಳಿದ.

“ಈಗ ಹೋಗೂಣು,” ಎಂದಳು ಸ್ನೇಹಲ.